ಮೊದಲ ಸಮುದ್ರ ಅಕ್ವೇರಿಯಂ: ಪಾಚಿಯನ್ನು ಮುಂದಿಟ್ಟುಕೊಂಡು ಸಲಕರಣೆಗಳ ವಿಮರ್ಶೆ

ಸಿಹಿನೀರಿನ ಮೀನುತೊಟ್ಟಿಯಲ್ಲಿ ಕೈ ಪಳಗಿಸಿಕೊಂಡು ಉಪ್ಪುನೀರಿನ ಕಡೆಗೆ ಹೊರಳುವವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ದೀಪವನ್ನು, ಅನಂತರ ಪ್ರೋಟೀನ್ ಸ್ಕಿಮ್ಮರನ್ನು (ಕಲ್ಮಷವನ್ನು ನೊರೆಯಾಗಿ ಎತ್ತಿಹಾಕುವ ಸಾಧನ), ಕೊನೆಗೆ ಮೀನನ್ನು. ತೊಟ್ಟಿಗೆ ತುಂಬುವ ನೀರು ಎಂಥದು ಎಂಬ ಪ್ರಶ್ನೆ ಏಳುವುದು ಕಲ್ಲುಗಳ ಮೇಲೆ ಕಂದು ಪದರ ಹರಡಿ, ಅದರ ಮೇಲೆ ಹಸಿರು ಎಳೆಗಳು ಬೆಳೆದು, ಮನೆಗೆ ಬಂದವರು ‘ಇದನ್ನು ತೊಳೆಯುವುದಿಲ್ಲವೇ’ ಎಂದು ಕೇಳತೊಡಗಿದ ಮೇಲೆಯೇ. ಬೆಂಗಳೂರಿನ ಮನೆಯೊಂದರಲ್ಲಿ ಸುಮಾರು 150 ಲೀಟರಿನ ಸಮುದ್ರ ಅಕ್ವೇರಿಯಂ ಹೂಡಲು ಕೊಂಡ ವಸ್ತುಗಳನ್ನು ಈ ಬರಹದಲ್ಲಿ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ: ಪಾಚಿಯನ್ನು ಹಿಡಿತದಲ್ಲಿಡಲು ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ? ಹಾಗೆ ನೋಡಿದಾಗ ಬೆಲೆ ಹೆಚ್ಚಿರುವ ಹಲವು ವಸ್ತುಗಳು ಹಿಂದಕ್ಕೆ ಸರಿಯುತ್ತವೆ. ಸಿಂಕಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂತು, ನೀರಿನಲ್ಲಿ ಕರಗಿದ ಲವಣಗಳನ್ನು ತೆಗೆಯುವ ಆರ್‌ಒ-ಡಿಐ ಘಟಕ ಎಲ್ಲಕ್ಕಿಂತ ಮುಂದೆ ಬರುತ್ತದೆ.

ನಲ್ಲಿಯಲ್ಲಿ ಬರುವ ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಕುಡಿಯಲು ಯೋಗ್ಯವಾಗಿರಬಹುದು. ಆದರೆ ಅದರಲ್ಲಿ ಕರಗಿರುವ ಸಿಲಿಕೇಟ್, ನೈಟ್ರೇಟ್, ಫಾಸ್ಫೇಟ್‌ಗಳು ಪಾಚಿಯ ಪಾಲಿಗೆ ನೇರ ಗೊಬ್ಬರ. ನಮ್ಮ ನೆಲದ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ಅಂತರ್ಜಲದಲ್ಲಿ ಸಿಲಿಕಾ ಇದ್ದೇ ಇರುತ್ತದೆ. ಚರಂಡಿಯ ನೀರು ಇಂಗುವ ಕಡೆಗಳಲ್ಲಿ ನೈಟ್ರೇಟ್ ಕೂಡ ಸೇರಿಕೊಳ್ಳುತ್ತದೆ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಶುದ್ಧ ನೀರು ಮಾತ್ರವಾದ್ದರಿಂದ, ಪ್ರತಿದಿನ ಮೇಲಿನಿಂದ ತುಂಬಿಸುವ ನೀರಿನಲ್ಲಿ ಬಂದ ಈ ಲವಣಗಳು ಒಳಗೇ ಉಳಿದು ವಾರದಿಂದ ವಾರಕ್ಕೆ ದಟ್ಟವಾಗುತ್ತಾ ಹೋಗುತ್ತವೆ. ಆರ್‌ಒ-ಡಿಐ ಘಟಕದಲ್ಲಿ ನಾಲ್ಕು ಹಂತಗಳಿವೆ: ಕೆಸರನ್ನು ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಲವಣಗಳ ಬಹುಪಾಲನ್ನು ಹೊರಗಟ್ಟುವ ಆರ್‌ಒ ಮೆಂಬ್ರೇನ್, ಮತ್ತು ಅದನ್ನೂ ದಾಟಿ ಬಂದದ್ದನ್ನು ಹಿಡಿದಿಡುವ ಡಿಐ ರೆಸಿನ್. ಕೊನೆಯ ಹಂತವೇ ಮುಖ್ಯವಾದದ್ದು, ಏಕೆಂದರೆ ಮೆಂಬ್ರೇನ್ ನೈಟ್ರೇಟನ್ನು ಪೂರ್ತಿಯಾಗಿ ತಡೆಯುವುದಿಲ್ಲ.

‘ಮನೆಯಲ್ಲಿ ಆರ್‌ಒ ಇದೆಯಲ್ಲ, ಇನ್ನೊಂದೇಕೆ’ ಎಂಬ ಪ್ರಶ್ನೆ ಸಹಜವಾದದ್ದು. ನಮ್ಮ ಅಡುಗೆಮನೆಗಳ ವಾಟರ್ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಹೊಂದಿರುತ್ತವೆ. ಅಂದರೆ ಮೆಂಬ್ರೇನ್ ತೆಗೆದುಹಾಕಿದ ಲವಣದ ಒಂದು ಭಾಗವನ್ನು ರುಚಿಗಾಗಿ ಮತ್ತೆ ಬೆರೆಸಿಯೇ ನೀರು ಹೊರಬರುತ್ತದೆ. ಕುಡಿಯುವವರಿಗೆ ಇದು ಒಳ್ಳೆಯದು, ಹವಳಕ್ಕಲ್ಲ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ: ಡಿಐ ದಾಟಿದ ನೀರು ಸೊನ್ನೆಯನ್ನು ತೋರಿಸಬೇಕು, ಅಡುಗೆಮನೆಯ ನೀರು ಹತ್ತಾರು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತೋರಿಸುತ್ತದೆ. ಇರುವ ಫಿಲ್ಟರಿನ ಕಂಟ್ರೋಲರನ್ನು ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್ ತೆಗೆಸಿ, ಹೊರದಾರಿಗೆ ಪ್ರತ್ಯೇಕ ಡಿಐ ಕಾರ್ಟ್ರಿಜ್ ಜೋಡಿಸಿಕೊಳ್ಳುವ ಮಾರ್ಗವೂ ಇದೆ, ಅಗ್ಗವೂ ಹೌದು. ಆದರೆ ಆಗ ಮನೆಯವರು ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಬೇಕಾಗುತ್ತದೆ, ಆ ಮಾತುಕತೆ ಸುಲಭದ್ದಲ್ಲ.

ಘಟಕದ ಕೊರತೆಗಳನ್ನೂ ಹೇಳಬೇಕು. ಅಕ್ವೇರಿಯಂಗೆಂದೇ ಮಾರುವ ಘಟಕಗಳಲ್ಲಿ ಹಲವು ಬೂಸ್ಟರ್ ಪಂಪ್ ಇಲ್ಲದೆ ಬರುತ್ತವೆ. ಅವು ಪೈಪಿನಲ್ಲಿ ಸದಾ ಒತ್ತಡವಿರುವ ಊರುಗಳಿಗೆಂದು ಮಾಡಿದಂಥವು. ಇಲ್ಲಿ ನೀರು ಇಳಿಯುವುದು ತಾರಸಿಯ ಟ್ಯಾಂಕಿನಿಂದ. ಹತ್ತು ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು ಒಂದು ಬಾರ್ ಒತ್ತಡ, ಆದರೆ ಮೆಂಬ್ರೇನ್ ಸರಿಯಾಗಿ ಕೆಲಸ ಮಾಡಲು ಅದರ ಮೂರು ನಾಲ್ಕು ಪಟ್ಟು ಬೇಕು. ಆದ್ದರಿಂದ ಬೂಸ್ಟರ್ ಪಂಪಿನ ಬೆಲೆಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಎರಡನೆಯದು, ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ನಾಲ್ಕು ಲೀಟರ್ ಹೊರಹೋಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕುಳಿತ ನಗರದಲ್ಲಿ ಇದನ್ನು ಚರಂಡಿಗೆ ಬಿಡುವುದು ಸರಿಯಲ್ಲ, ನೆಲ ಒರೆಸಲು, ಶೌಚಾಲಯಕ್ಕೆ ಹಿಡಿದಿಡಬೇಕು. ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು: ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ಜಾರಿ ಹೊರಬರುವುದು ಸಿಲಿಕೇಟ್, ಟಿಡಿಎಸ್ ಮೀಟರಿಗೆ ಅದು ಬಹುತೇಕ ಕಾಣಿಸುವುದಿಲ್ಲ. ಮೀಟರ್ ಸೊನ್ನೆ ಬಿಟ್ಟು ಒಂದನ್ನು ತೋರಿಸಿದ ದಿನವೇ ರೆಸಿನ್ ಬದಲಿಸಬೇಕೇ ಹೊರತು ಹತ್ತಕ್ಕೆ ಏರುವವರೆಗೆ ಕಾಯಬಾರದು. ಬಣ್ಣ ಬದಲಾಯಿಸುವ ರೆಸಿನ್ ಇರುವ, ಒಳಗಿನದು ಕಾಣುವಂಥ ಪಾರದರ್ಶಕ ಕಾರ್ಟ್ರಿಜ್ ಕೊಂಡರೆ ಈ ಕೆಲಸ ಹಗುರವಾಗುತ್ತದೆ. ಕಾವೇರಿ ನೀರಿಗಿಂತ ಬೋರ್‌ವೆಲ್ ನೀರಿನಲ್ಲಿ ರೆಸಿನ್ ಬೇಗ ಸವೆಯುತ್ತದೆ.

ಕರಾವಳಿ ಇರುವ ರಾಜ್ಯದಲ್ಲಿ ಉಪ್ಪನ್ನು ಕೊಂಡು ಸಮುದ್ರ ತಯಾರಿಸುವುದು ವಿಚಿತ್ರವೆನಿಸಬಹುದು. ಮಂಗಳೂರು, ಮಲ್ಪೆ, ಕಾರವಾರದ ಕಡೆಯವರು ನೇರವಾಗಿ ಕಡಲ ನೀರು ತುಂಬಿಕೊಳ್ಳಬಹುದಲ್ಲವೇ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಕಾಳಿಯಂಥ ನದಿಗಳು ತುಂಬಿ ಹರಿದು ದಡದ ನೀರಿನ ಉಪ್ಪಿನಂಶವನ್ನು ಇಳಿಸುತ್ತವೆ, ಜೊತೆಗೆ ಹೊಲಗದ್ದೆಗಳ ಗೊಬ್ಬರವನ್ನೂ ತರುತ್ತವೆ. ಅದೇ ಸಮಯದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ಪೋಷಕಾಂಶಭರಿತ ನೀರು ಮೇಲೇಳುತ್ತದೆ. ಮೀನುಗಾರರಿಗೆ ಅದು ವರ, ಮನೆಯ ತೊಟ್ಟಿಗೆ ಪಾಚಿಯ ಆಹ್ವಾನ. ಬೇಸಿಗೆಯಲ್ಲಿ, ಬಂದರು ಮತ್ತು ಅಳಿವೆಗಳಿಂದ ದೂರದಲ್ಲಿ, ಭರತದ ವೇಳೆ ಹಿಡಿದ ನೀರನ್ನು ಕತ್ತಲಲ್ಲಿ ಕೆಲವು ವಾರ ನಿಲ್ಲಿಸಿ, ಸೋಸಿ ಬಳಸುವವರಿದ್ದಾರೆ. ದಡದ ಊರಿನವರಿಗೆ ಅದು ನಡೆದೀತು. ಶಿರಾಡಿ ಘಾಟಿ ಹತ್ತಿಸಿ ನೀರಿನ ಕ್ಯಾನ್ ತರುವುದರಲ್ಲಿ ಅರ್ಥವಿಲ್ಲ.

ಉಪ್ಪಿನ ಆಯ್ಕೆಯ ಬಗ್ಗೆ ಬೇಕಿರುವುದಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ. ರೆಡ್ ಸೀ, ಇನ್‌ಸ್ಟಂಟ್ ಓಷನ್, ಟ್ರಾಪಿಕ್ ಮರೀನ್ ಈ ಮೂರೂ ಭರವಸೆಯಿಂದ ಕೊಳ್ಳಬಹುದಾದ ಹೆಸರುಗಳು. ರೆಡ್ ಸೀ ಎರಡು ಬಗೆಯ ಉಪ್ಪು ಮಾರುತ್ತದೆ. ನೀಲಿ ಬಕೆಟ್ಟಿನ ಸಾಮಾನ್ಯ ಉಪ್ಪಿನ ಕ್ಷಾರೀಯತೆ ಸುಮಾರು 8 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ) ಇದ್ದರೆ, ಕೋರಲ್ ಪ್ರೊ ಎಂಬುದರದು ಸುಮಾರು 12ರ ಹತ್ತಿರ. ಎರಡನೆಯದು ಗಟ್ಟಿ ಹವಳಗಳು ವೇಗವಾಗಿ ಬೆಳೆಯುವ ತೊಟ್ಟಿಗಳಿಗೆ ತಕ್ಕದ್ದು, ಬೆರೆಸಿದ ಮೇಲೆ ಹೆಚ್ಚು ಹೊತ್ತು ಇಡುವಂತೆಯೂ ಇಲ್ಲ. ಮೊದಲ ತೊಟ್ಟಿಗೆ ನೀಲಿ ಬಕೆಟ್ಟೇ ಸಾಕು. ನೂರು ಲೀಟರಿಗೆ ನಾಲ್ಕು ಕಿಲೋಗ್ರಾಂ ಒಳಗೆ ಉಪ್ಪು ಹಿಡಿಸುತ್ತದೆ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕಿಳಿಯುತ್ತದೆ. ದೊಡ್ಡ ಬಕೆಟ್ಟನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಉಪ್ಪನ್ನು ಕೊಳ್ಳದಿರುವುದು ಲೇಸು. ಸಾಗಣೆಯಲ್ಲಿ ಅದರ ಘಟಕಗಳು ಬೇರ್ಪಟ್ಟಿರುತ್ತವೆ, ಒಂದು ಚೀಲದಂತೆ ಇನ್ನೊಂದು ಇರುವುದಿಲ್ಲ. ಅಲ್ಲದೆ ಮಳೆಗಾಲದ ತೇವಕ್ಕೆ ಗಡ್ಡೆಕಟ್ಟಿರುತ್ತದೆ.

ಉಪ್ಪಿನಂಶ ಅಳೆಯಲು ತೂಗುಮುಳ್ಳಿನ ಹೈಡ್ರೋಮೀಟರ್‌ಗಿಂತ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ರಿಫ್ರಾಕ್ಟೋಮೀಟರ್ ಮೇಲು. ಅದನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಅಳತೆ ಮಾಡಬೇಕಾದ ಮಟ್ಟದಲ್ಲೇ ಸರಿಪಡಿಸಬೇಕು. ಅದಕ್ಕೆ ವಿದೇಶದ ಪುಟ್ಟ ಸೀಸೆಯನ್ನು ಕೊಳ್ಳಬೇಕೆಂದಿಲ್ಲ: 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿದರೆ ಅದರ ವಕ್ರೀಭವನ ಸೂಚ್ಯಂಕ ಸಾವಿರಕ್ಕೆ 35 ಭಾಗ ಉಪ್ಪಿರುವ ಸಮುದ್ರದ ನೀರಿಗೆ ಸಮನಾಗುತ್ತದೆ. ಒಳ್ಳೆಯ ತಕ್ಕಡಿ ಇದ್ದರೆ ಸಾಕು.

ಕಲ್ಲಿನ ವಿಷಯದಲ್ಲಿ ಕಾನೂನನ್ನು ಮೊದಲು ತಿಳಿದಿರಬೇಕು. ಲೈವ್ ರಾಕ್ ಎಂದು ಕರೆಯುವುದು ಬಹುಮಟ್ಟಿಗೆ ಹವಳದ ಅಸ್ಥಿಪಂಜರವೇ. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು ಮತ್ತು ಕಡಲಸೌತೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಮನ್ನಾರ್ ಕೊಲ್ಲಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಿಂದಾಗಲಿ ಅವನ್ನು ಕಿತ್ತು ತರುವುದೂ ಮಾರುವುದೂ ಅಪರಾಧ. ಹೀಗಿದ್ದರೂ ಮಾರುಕಟ್ಟೆಯಲ್ಲಿ ‘ಒರಿಜಿನಲ್ ಲೈವ್ ರಾಕ್’ ಎಂದು ದನಿ ತಗ್ಗಿಸಿ ಹೇಳುವ ಅಂಗಡಿಗಳಿವೆ. ಅಂಥ ಕಡೆ ಬೇರೇನನ್ನೂ ಕೊಳ್ಳುವ ಮನಸ್ಸಾಗುವುದಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಅಥವಾ ಅರಾಗೋನೈಟ್ ಕಲ್ಲುಗಳು ಇವೆ. ರಂಧ್ರಗಳು ಹೆಚ್ಚಿರುವ, ತೂಕ ಕಡಿಮೆಯಿರುವ ಕಲ್ಲು ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಜಾಗ ಕೊಡುತ್ತದೆ. ಪಾಚಿಯ ದೃಷ್ಟಿಯಿಂದಲೂ ಇವಕ್ಕೊಂದು ಅನುಕೂಲವಿದೆ: ಯಾರದೋ ಹಳೆಯ ತೊಟ್ಟಿಯಿಂದ ಬಂದ ಕಲ್ಲು ವರ್ಷಗಟ್ಟಲೆ ಹೀರಿಕೊಂಡ ಫಾಸ್ಫೇಟನ್ನು ಹೊಸ ತೊಟ್ಟಿಗೆ ನಿಧಾನವಾಗಿ ಬಿಡುತ್ತಿರುತ್ತದೆ, ಕಾರ್ಖಾನೆಯ ಕಲ್ಲಿನಲ್ಲಿ ಆ ಸಂಚಯ ಇರುವುದಿಲ್ಲ. ಹಳೆಯ ಕಲ್ಲನ್ನೇ ಬಳಸುವವರು ಅದನ್ನು ಕುದಿಸಿ ಶುದ್ಧಮಾಡಲು ಹೋಗಬಾರದು; ಅದರ ಮೇಲೆ ಜೋಆಂತಿಡ್ ಜಾತಿಯ ಜೀವಿಗಳಿದ್ದರೆ ಆವಿಯ ಮೂಲಕ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಮನೆಯವರ ಶ್ವಾಸಕ್ಕೆ ಸೇರುವ ಅಪಾಯವಿದೆ.

ತೊಟ್ಟಿಯಾಗಿ ಆರಿಸಿದ್ದು ಹಿಂಬದಿಯಲ್ಲೇ ಫಿಲ್ಟರ್ ಕೋಣೆಗಳಿರುವ, ಕೆಳಗೆ ಸಂಪ್ (ಫಿಲ್ಟರಿಗೆಂದು ಇಡುವ ಇನ್ನೊಂದು ತೊಟ್ಟಿ) ಬೇಡದ ಆಲ್-ಇನ್-ಒನ್ ಮಾದರಿ. ಕರೆಂಟ್ ಹೋದಾಗ ನೀರು ಹಿಂದಿರುಗಿ ನೆಲಕ್ಕೆ ಹರಿಯುವ ಭಯವಿಲ್ಲ, ಮೇಲ್ಪದರದ ಎಣ್ಣೆಯಂಶವನ್ನು ಎಳೆದುಕೊಳ್ಳುವ ಜಾಲರಿ ಚೆನ್ನಾಗಿದೆ. ಕೋಣೆಗಳು ಮಾತ್ರ ಕೈ ತೂರದಷ್ಟು ಇಕ್ಕಟ್ಟು. ತಳದಲ್ಲಿ ಕೂರುವ ಕಸವನ್ನು ಕೊಳವೆಯಿಂದಲೇ ಎಳೆಯಬೇಕು. ಜೊತೆಗೆ ಕೊಡುವ ಕಪ್ಪು ಸ್ಪಂಜನ್ನು ತೆಗೆದು ಬಿಳಿ ಫಿಲ್ಟರ್ ಹತ್ತಿ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಬದಲಿಸುವುದು ಪಾಚಿಯ ವಿರುದ್ಧ ಅಗ್ಗದಲ್ಲಿ ಸಿಗುವ ಉಪಾಯಗಳಲ್ಲಿ ಒಂದು. ಹತ್ತಿಯಲ್ಲಿ ಸಿಕ್ಕಿಬಿದ್ದ ಆಹಾರದ ಚೂರು ಕೊಳೆಯುವ ಮೊದಲೇ ಹೊರಹೋಗುತ್ತದೆ. ತೊಟ್ಟಿಯೊಂದಿಗೇ ಬರುವ ದೀಪ ತೀರಾ ಬಿಳಿ, ಬೆಳಕನ್ನು ತಗ್ಗಿಸುವ ಸೌಲಭ್ಯವಿಲ್ಲ. ಹವಳ ಸಾಕುವ ಇರಾದೆ ಇದ್ದರೆ ನೀಲಿ ಮತ್ತು ಬಿಳಿಯನ್ನು ಬೇರೆಬೇರೆಯಾಗಿ ಹೊಂದಿಸಬಲ್ಲ ಎಲ್‌ಇಡಿಯನ್ನು ಮುಂದೆ ಕೊಳ್ಳಬೇಕಾಗುತ್ತದೆ. ಅವಸರವಿಲ್ಲ. ಮೊದಲ ವಾರಗಳಲ್ಲಿ ತೊಟ್ಟಿಯಲ್ಲಿ ಬೆಳಕು ಬೇಕಾದ ಜೀವಿಯೇ ಇರುವುದಿಲ್ಲ, ಆಗ ಉರಿಯುವ ದೀಪ ಪಾಚಿಯೊಂದನ್ನೇ ಸಾಕುತ್ತದೆ.

ಆ ಮೊದಲ ವಾರಗಳಲ್ಲಿ ನಡೆಯಬೇಕಾದ್ದು ನೈಟ್ರೋಜನ್ ಚಕ್ರದ ಸ್ಥಾಪನೆ. ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲು ಮರಳಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂಗಡಿಗಳಲ್ಲಿ ಇಂದಿಗೂ ಕೊಡುವ ಸಲಹೆ ಒಂದು ಸತ್ತ ಸೀಗಡಿಯನ್ನು ಹಾಕಿಡಿ ಎಂಬುದು. ಅದರಿಂದ ಅಮೋನಿಯಾ ಹುಟ್ಟುತ್ತದೆ, ನಿಜ; ಜೊತೆಗೆ ಫಾಸ್ಫೇಟೂ ಬರುತ್ತದೆ, ಕಲ್ಲು ಅದನ್ನು ಹೀರಿಟ್ಟುಕೊಳ್ಳುತ್ತದೆ. ಶುದ್ಧ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಅಳೆದು ಹಾಕಿ ಸುಮಾರು 2 ಪಿಪಿಎಂ ಮಟ್ಟಕ್ಕೆ ತರುವುದು ಸ್ವಚ್ಛ ಮಾರ್ಗ. ಸೀಸೆಯ ಬ್ಯಾಕ್ಟೀರಿಯಾಗಳು ಕೆಲಸವನ್ನು ಬೇಗ ಮುಗಿಸುತ್ತವೆ, ಆದರೆ ಅವು ಜೀವಂತ ವಸ್ತು; ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ಗೋದಾಮಿನಲ್ಲಿ ಬಿದ್ದಿದ್ದ ಸೀಸೆಗೆ ಪೂರ್ತಿ ಬೆಲೆ ಕೊಡುವ ಬದಲು, ಫ್ರಿಜ್ಜಿನಲ್ಲಿಟ್ಟು ಮಾರುವ ಅಂಗಡಿಯಿಂದ ದಿನಾಂಕ ನೋಡಿ ಕೊಳ್ಳುವುದು ವಾಸಿ.

ಚಕ್ರ ಮುಗಿಯುವ ಹೊತ್ತಿಗೆ ಮರಳಿನ ಮೇಲೆ ಕಂದು ಧೂಳಿನಂಥದ್ದು ಕಾಣಿಸಿಕೊಳ್ಳುತ್ತದೆ. ಇದು ಡಯಾಟಂ, ತನ್ನ ಕವಚವನ್ನು ಸಿಲಿಕಾದಿಂದ ಕಟ್ಟಿಕೊಳ್ಳುವ ಸೂಕ್ಷ್ಮಜೀವಿ. ನೀರಿನಲ್ಲಿರುವ ಸಿಲಿಕೇಟ್ ತೀರಿದಾಗ ತಾನಾಗಿ ಕುಗ್ಗುತ್ತದೆ, ಅದಕ್ಕೆ ಯಾವ ಔಷಧವೂ ಬೇಡ. ತಿಂಗಳು ಕಳೆದರೂ ಹೋಗದಿದ್ದರೆ ಡಿಐ ರೆಸಿನನ್ನು ಪರೀಕ್ಷಿಸಬೇಕು. ಆಮೇಲೆ ಬರುವುದು ಗಾಜಿನ ಮೇಲಿನ ಹಸಿರು ಲೇಪ, ಅದರ ಹಿಂದೆ ಕೂದಲಿನಂಥ ಹಸಿರು ಪಾಚಿ. ಇಲ್ಲಿಂದ ಮುಂದೆ ಕಣ್ಣಂದಾಜು ಸಾಲದು, ಅಳತೆ ಬೇಕು.

ಪರೀಕ್ಷೆಯ ಕಿಟ್‌ಗಳಲ್ಲಿ ನೈಟ್ರೇಟಿಗೆ ಸ್ಯಾಲಿಫರ್ಟ್ ತೃಪ್ತಿಕರ. ಬಣ್ಣ ತಿಳಿಯಾಗಿದ್ದು ಓದಲು ಕಷ್ಟವಾದಾಗ ಸೀಸೆಯನ್ನು ಮೇಲಿನಿಂದ ನೋಡುವ ಬದಲು ಪಕ್ಕದಿಂದ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುವ ಅನುಕೂಲ ಅದರಲ್ಲಿದೆ. ಕಡಿಮೆ ನೈಟ್ರೇಟಿರುವ ತೊಟ್ಟಿಗೆ ಇದು ಬಹಳ ಉಪಯುಕ್ತ. ಫಾಸ್ಫೇಟಿಗೆ ಮಾತ್ರ ಬಣ್ಣ ಹೋಲಿಸುವ ಕಿಟ್‌ಗಳನ್ನು ಶಿಫಾರಸು ಮಾಡಲಾರೆ. 0.03 ಮತ್ತು 0.10ರ ನಡುವಿನ ನೀಲಿಯ ವ್ಯತ್ಯಾಸವನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗುರುತಿಸುವುದು ಸಾಧ್ಯವಾಗುವ ಮಾತಲ್ಲ, ಪಾಚಿಯ ಕಥೆಯೆಲ್ಲ ನಡೆಯುವುದು ಆ ಅಂತರದಲ್ಲೇ. ಹ್ಯಾನಾ ಸಂಸ್ಥೆಯ ಪುಟ್ಟ ಡಿಜಿಟಲ್ ಚೆಕರ್ ಎಚ್‌ಐ774 ಸೊನ್ನೆಯಿಂದ 0.90 ಪಿಪಿಎಂವರೆಗೆ ಅಂಕಿಯಲ್ಲೇ ತೋರಿಸುತ್ತದೆ. ಪುಡಿಯ ಪೊಟ್ಟಣವನ್ನು ಚೆಲ್ಲದೆ ಪುಟ್ಟ ಗಾಜಿನ ಸೀಸೆಗೆ ಸುರಿಯುವುದಕ್ಕೆ ತಾಳ್ಮೆ ಬೇಕು. ಗಾಜಿನ ಮೇಲೆ ಬೆರಳಚ್ಚು ಅಥವಾ ಒಳಗೆ ಗುಳ್ಳೆ ಇದ್ದರೆ ಅಂಕಿ ದಾರಿ ತಪ್ಪುತ್ತದೆ, ರೀಏಜೆಂಟಿನ ಖರ್ಚು ನಿಲ್ಲದೆ ಇರುತ್ತದೆ. ಇಷ್ಟಾದರೂ ಆರ್‌ಒ-ಡಿಐ ಘಟಕದ ನಂತರ ಎರಡನೆಯ ಖರೀದಿ ಇದೇ ಆಗಬೇಕೆಂಬುದು ನನ್ನ ಅಭಿಪ್ರಾಯ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.02ರಿಂದ 0.10 ಪಿಪಿಎಂ ನಡುವೆ ನಿಂತರೆ ಮೊದಲ ತೊಟ್ಟಿ ಚೆನ್ನಾಗಿದೆಯೆಂದೇ ತಿಳಿಯಬೇಕು.

ಆದರೆ ಒಂದು ಎಚ್ಚರಿಕೆ: ಕೂದಲು ಪಾಚಿ ಹಬ್ಬಿರುವಾಗ ಅಳತೆ ಸೊನ್ನೆ ಬರಬಹುದು. ಪೋಷಕಾಂಶವೆಲ್ಲ ಪಾಚಿಯ ಒಡಲಲ್ಲೇ ಸೇರಿಹೋಗಿರುವುದರಿಂದ ನೀರಿನಲ್ಲಿ ಉಳಿದಿರುವುದಿಲ್ಲ. ಅಂಥಲ್ಲಿ ಮೊದಲ ಕೆಲಸ ಕೈಯಿಂದ ಕೀಳುವುದು; ಕಲ್ಲನ್ನು ಹೊರತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಬಕೆಟ್ಟಿನ ಉಪ್ಪುನೀರಿನಲ್ಲಿ ಉಜ್ಜಬೇಕು, ತೊಟ್ಟಿಯೊಳಗೇ ಉಜ್ಜಿದರೆ ತುಂಡುಗಳು ಬೇರೆಡೆ ಬೇರೂರುತ್ತವೆ. ಫಾಸ್ಫೇಟ್ ಹೀರುವ ರೋವಾಫಾಸ್‌ನಂಥ ಕಬ್ಬಿಣದ ಹೈಡ್ರಾಕ್ಸೈಡ್ ಹರಳುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಮೊದಲ ಸಲ ಬಳಸುವವರಿಗೆ ಅತಿಯಾಗಿ ಚೆನ್ನಾಗಿ. ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದ ಕಾಲುಭಾಗದಿಂದ ಆರಂಭಿಸಿ, ಅಳೆಯುತ್ತಾ ಏರಿಸಬೇಕು. ಇದಕ್ಕಿಂತ ನನಗೆ ಹಿಡಿಸಿದ್ದು ಹಿಂಬದಿಯ ಕೋಣೆಯೊಂದರಲ್ಲಿ ಪುಟ್ಟ ದೀಪದ ಕೆಳಗೆ ಕೀಟೋಮಾರ್ಫಾ ಎಂಬ ತಂತಿಸುರುಳಿಯಂಥ ಪಾಚಿಯನ್ನು ಬೆಳೆಸುವ ಕ್ರಮ. ಬೇಡದ ಪಾಚಿಗೆ ಹೋಗಬೇಕಾದ ಪೋಷಕಾಂಶವನ್ನು ಬೇಕಾದ ಪಾಚಿ ಉಣ್ಣುತ್ತದೆ; ಬೆಳೆದಷ್ಟನ್ನು ಹಿಡಿಯಾಗಿ ತೆಗೆದೆಸೆದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಮನೆಯಿಂದ ಹೊರಹೋದಂತೆ. ಮುಖ್ಯ ದೀಪ ಆರಿದ ರಾತ್ರಿಯ ಹೊತ್ತು ಇದನ್ನು ಬೆಳಗಿಸಿದರೆ ಪಿಎಚ್ ಇಳಿಯುವುದೂ ತಗ್ಗುತ್ತದೆ.

ಪೋಷಕಾಂಶವನ್ನು ಸೊನ್ನೆಗೆ ಇಳಿಸಬಾರದೆನ್ನುವುದಕ್ಕೆ ಕಾರಣ ಒಂದು ಬಗೆಯ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು. ಉಳಿದವು ಹಸಿದು ಸಾಯುವ ನೀರಿನಲ್ಲಿ ಇವು ಹಬ್ಬುತ್ತವೆ: ಕಂದುಬಣ್ಣದ ಲೋಳೆ, ಅದರಲ್ಲಿ ಗುಳ್ಳೆ ಸಿಕ್ಕ ಎಳೆಗಳು, ಒಂದೊಂದಾಗಿ ಸಾಯುವ ಬಸವನಹುಳುಗಳು. ಸ್ವಲ್ಪ ಲೋಳೆಯನ್ನು ಸೀಸೆಗೆಳೆದು ಕುಲುಕಿ, ಸೋಸಿ, ಬೆಳಕಿನಲ್ಲಿಟ್ಟಾಗ ಗಂಟೆಯೊಳಗೆ ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ ಎಂದು ಶಂಕಿಸಬೇಕು. ಶಾಲೆಯ ಮಕ್ಕಳ ಸೂಕ್ಷ್ಮದರ್ಶಕದಲ್ಲೇ ಅವುಗಳ ಚಲನೆ ಕಾಣುತ್ತದೆ. ಆಸ್ಟ್ರಿಯಾಪ್ಸಿಸ್ ಜಾತಿಯದಾದರೆ ರಾತ್ರಿ ನೀರಿಗೆ ಏಳುವುದರಿಂದ ಯುವಿ ಸ್ಟೆರಿಲೈಸರ್ (ಹರಿಯುವ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ನೇರಳಾತೀತ ಬೆಳಕಿನಿಂದ ಕೊಲ್ಲುವ ಸಾಧನ) ನೆರವಾಗುತ್ತದೆ, ಮರಳಿನಲ್ಲೇ ಉಳಿಯುವ ಆಂಫಿಡಿನಿಯಮ್‌ಗೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ಹಾಗಾಗಿ ಗುರುತಿಸುವ ಮೊದಲೇ ಯುವಿ ಕೊಳ್ಳುವುದು ವ್ಯರ್ಥ ಖರ್ಚು.

ಕೆಂಪು ನೇರಳೆ ಹಾಳೆಯಂತೆ ಹರಡುವ ಸಯನೋ ನಿಜವಾಗಿ ಪಾಚಿಯಲ್ಲ, ಬ್ಯಾಕ್ಟೀರಿಯಾ. ಅದಕ್ಕೆ ಎರಿತ್ರೋಮೈಸಿನ್ ಮಾತ್ರೆ ಹಾಕುವವರಿದ್ದಾರೆ, ಬ್ರಯಾಪ್ಸಿಸ್ ಎಂಬ ಹಟಮಾರಿ ಪಾಚಿಗೆ ಫ್ಲುಕೋನಜೋಲ್ ಹಾಕುವವರೂ ಇದ್ದಾರೆ; ಮೆಡಿಕಲ್ ಸ್ಟೋರಿನಲ್ಲಿ ಎರಡೂ ಅಗ್ಗ. ಫ್ಲುಕೋನಜೋಲ್ ಬ್ರಯಾಪ್ಸಿಸನ್ನು ಕೊಲ್ಲುತ್ತದೆಂಬುದು ಅನುಭವಿಗಳು ಒಪ್ಪಿದ ಮಾತು, ಬೇರೇನೂ ಸಾಗದಿದ್ದಾಗ ಅದನ್ನು ಬಳಸಬಹುದು. ಆಂಟಿಬಯಾಟಿಕ್ಕನ್ನು ಒಪ್ಪಲಾರೆ: ಅಷ್ಟು ಕಷ್ಟಪಟ್ಟು ನೆಲೆಗೊಳಿಸಿದ ಬ್ಯಾಕ್ಟೀರಿಯಾಗಳನ್ನೂ ಅದು ಕೆಡಿಸಬಹುದು, ಔಷಧ ಬೆರೆತ ನೀರು ಕೊನೆಗೆ ಸೇರುವುದು ಊರಿನ ಚರಂಡಿಗೆ. ಕೊಳವೆಯಿಂದ ಎಳೆದು ತೆಗೆದು, ಆ ಮೂಲೆಯಲ್ಲಿ ನೀರಿನ ಹರಿವು ಹೆಚ್ಚಿಸಿದರೆ ಸಯನೋ ಬಹಳ ಸಲ ಹಿಮ್ಮೆಟ್ಟುತ್ತದೆ. ಒಳಗೇನಿದೆಯೆಂದು ಹೇಳದೆ ‘ಪಾಚಿ ಮಾಯ’ ಎಂದಷ್ಟೇ ಬರೆದ ಸೀಸೆಗಳನ್ನು ಕಪಾಟಿನಲ್ಲೇ ಬಿಡಬೇಕು.

ಪಾಚಿ ತಿನ್ನುವ ಜೀವಿಗಳಲ್ಲಿ ಬಸವನಹುಳುಗಳೇ ಮೊದಲು. ಟರ್ಬೋ ಬಗೆಯವು ಹೆಚ್ಚು ತಿನ್ನುತ್ತವೆ, ಆದರೆ ಬುಲ್ಡೋಜರಿನ ಸ್ವಭಾವ, ಸರಿಯಾಗಿ ಕೂರಿಸದ ಕಲ್ಲನ್ನು ಉರುಳಿಸುತ್ತವೆ. ಸೆರಿತ್ ಬಗೆಯವು ಮರಳನ್ನೂ ಗಾಜನ್ನೂ ನೋಡಿಕೊಳ್ಳುತ್ತವೆ. ವಿದೇಶದ ಪಟ್ಟಿಗಳನ್ನು ನೋಡಿ ಕಡಲಸೌತೆ ಕೇಳಬೇಡಿ, ಮೇಲೆ ಹೇಳಿದ ಕಾನೂನು ಅದಕ್ಕೂ ಅನ್ವಯಿಸುತ್ತದೆ. ಪಾಚಿ ತಿನ್ನುತ್ತದೆಂದು ಟ್ಯಾಂಗ್ ಮೀನನ್ನು 150 ಲೀಟರಿನಲ್ಲಿ ಹಾಕುವಂತೆ ಹೇಳುವ ಅಂಗಡಿಯವರ ಮಾತನ್ನು ನಂಬಬಾರದು. ಅದು ಈಜಲು ಜಾಗ ಬೇಡುವ ಮೀನು. ಇಷ್ಟು ಗಾತ್ರಕ್ಕೆ ಸಲೇರಿಯಾಸ್ ಬ್ಲೆನ್ನಿ ಒಂದು ಸಾಕು, ಅದೂ ತೊಟ್ಟಿ ಹಳೆಯದಾಗಿ ತಿನ್ನಲು ಪಾಚಿ ಇರುವಾಗ. ಮೀನಿನ ಜೋಡಿ ಬೇಕಾದರೆ ಹ್ಯಾಚರಿಯಲ್ಲಿ ಬೆಳೆಸಿದ ಕ್ಲೌನ್ ಮೀನುಗಳನ್ನು ಕೇಳಿ ಪಡೆಯಿರಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳ ಮರಿ ಬೆಳೆಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿರುವುದರಿಂದ ಕಡಲಿನಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವಿಲ್ಲ. ಹ್ಯಾಚರಿಯಲ್ಲಿ ಬೆಳೆದವು ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ.

ಪ್ರೋಟೀನ್ ಸ್ಕಿಮ್ಮರ್ ಬಗ್ಗೆ ಬೇಸರ ತರಿಸುವ ಮಾತನ್ನು ಹೇಳಬೇಕಾಗಿದೆ. ಬೇಳೆ ಬೇಯುವಾಗ ಮೇಲೇಳುವ ನೊರೆಯನ್ನು ಸೌಟಿನಿಂದ ತೆಗೆದಂತೆ, ಅದು ಸಣ್ಣ ಗುಳ್ಳೆಗಳಿಗೆ ಅಂಟಿಕೊಳ್ಳುವ ಸಾವಯವ ಕಲ್ಮಷವನ್ನು ಕೊಳೆಯುವ ಮೊದಲೇ ಎತ್ತಿಹಾಕುತ್ತದೆ, ನೀರಿಗೆ ಆಮ್ಲಜನಕವನ್ನೂ ಬೆರೆಸುತ್ತದೆ. ಈಗಾಗಲೇ ಕರಗಿರುವ ನೈಟ್ರೇಟ್, ಫಾಸ್ಫೇಟನ್ನು ಅದು ತೆಗೆಯಲಾರದು. ಹಿಂಬದಿಯ ಕೋಣೆಯಲ್ಲಿ ಕೂರುವಂತೆ ಮಾಡಿದ ಪುಟ್ಟ ಮಾದರಿಗಳು ಸದ್ದು ಮಾಡುತ್ತವೆ, ಹೊಸದರಲ್ಲಿ ವಾರದ ಮೇಲೂ ಹೊಂದಿಕೊಳ್ಳುವುದಿಲ್ಲ, ನೀರಿನ ಮಟ್ಟ ಒಂದು ಸೆಂಟಿಮೀಟರ್ ಬದಲಾದರೆ ಬಟ್ಟಲು ತುಂಬಿ ಚೆಲ್ಲುತ್ತದೆ. ಎರಡು ಮೀನಿರುವ ಈ ಗಾತ್ರದ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ಬದಲಿಸಿದರೆ ಸ್ಕಿಮ್ಮರಿನ ಕೊರತೆ ಅರಿವಿಗೇ ಬರುವುದಿಲ್ಲ. 300 ಲೀಟರ್ ದಾಟಿದಾಗ ಮಾತು ಬೇರೆ.

ಅದೇ ಹಣವನ್ನು ತಾಪಮಾನ ಮತ್ತು ವಿದ್ಯುತ್ತಿನ ಕಡೆಗೆ ತಿರುಗಿಸುವುದು ಜಾಣತನ. ಬೆಂಗಳೂರಿನ ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಕ್ಲಿಪ್ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಹೆಚ್ಚು ಆವಿಯಾಗುವ ನೀರನ್ನು ಸರಿದೂಗಿಸಲು ಡಿಐ ನೀರು ತುಂಬುವ ಸ್ವಯಂಚಾಲಿತ ಟಾಪ್-ಅಪ್ ಇದ್ದರೆ ಉಪ್ಪಿನಂಶ ಏರುಪೇರಾಗುವುದಿಲ್ಲ. ತೇವ ತುಂಬಿದ ಮಂಗಳೂರಿನ ಗಾಳಿಯಲ್ಲಿ ಫ್ಯಾನಿನಿಂದ ಅಷ್ಟು ಫಲ ಸಿಗದು, ಅಲ್ಲಿ ಚಿಲ್ಲರ್ ಬೇಕೇಬೇಕಾಗುತ್ತದೆ, ಅದರ ಬೆಲೆ ತೊಟ್ಟಿಯ ಬೆಲೆಯನ್ನೂ ಮೀರಬಹುದು. ಮನೆಯ ಯುಪಿಎಸ್‌ಗೆ ನೀರು ತಿರುಗಿಸುವ ಪಂಪನ್ನು ಮಾತ್ರ ಜೋಡಿಸಿ, ಹೀಟರ್ ಮತ್ತು ದೀಪವನ್ನು ಹೊರಗಿಟ್ಟರೆ ಒಂದು ರಾತ್ರಿಯ ಪವರ್ ಕಟ್ ಮೀನುಗಳಿಗೆ ತೊಂದರೆ ಕೊಡದು.

ಕೊನೆಯದಾಗಿ, ತಿಂಗಳ ಲೆಕ್ಕದಲ್ಲಿ ಮನೆಗೆ ಬಂದು ತೊಟ್ಟಿ ನೋಡಿಕೊಳ್ಳುವ ಸೇವೆಗಳು. ಗಾಜು ಒರೆಸುವುದು, ಪಂಪ್ ಬಿಚ್ಚಿ ವಿನೆಗರಿನಲ್ಲಿ ತೊಳೆಯುವುದು, ಮರಳು ಶುದ್ಧಮಾಡುವುದು ಇವನ್ನೆಲ್ಲ ಅವರು ನಮಗಿಂತ ಬೇಗ, ಅಚ್ಚುಕಟ್ಟಾಗಿ ಮಾಡುತ್ತಾರೆ. ಊರಿಗೆ ಹೋಗಬೇಕಾದವರಿಗೆ, ವಯಸ್ಸಾದವರಿಗೆ ಅದು ಕೊಟ್ಟ ಹಣಕ್ಕೆ ತಕ್ಕ ಸೇವೆ. ನೀರನ್ನೂ ಅವರೇ ಕ್ಯಾನಿನಲ್ಲಿ ತರುವುದಾದರೆ ಮಾತ್ರ ಎಚ್ಚರ ಬೇಕು. ಉಪ್ಪು ಬೆರೆಸಿದ ಮೇಲೆ ಟಿಡಿಎಸ್ ಮೀಟರ್ ಏನನ್ನೂ ಹೇಳಲಾರದಾದ್ದರಿಂದ, ಕ್ಯಾನಿನ ನೀರಿನ ಉಪ್ಪಿನಂಶವನ್ನೂ ಫಾಸ್ಫೇಟನ್ನೂ ನೀವೇ ಅಳೆದು ನೋಡಲು ಬಿಡುವವರನ್ನು ಗೊತ್ತುಮಾಡಿಕೊಳ್ಳಿ. ಅಳೆಯಲು ಒಪ್ಪದವರಿಗೆ ನಿಮ್ಮದೇ ಡಿಐ ನೀರಿನಲ್ಲಿ ಉಪ್ಪು ಬೆರೆಸಿ ಸಿದ್ಧವಿಟ್ಟು, ಕೈಕೆಲಸಕ್ಕೆ ಮಾತ್ರ ಹಣ ಕೊಡುವ ಒಪ್ಪಂದ ಮಾಡಿಕೊಳ್ಳಬಹುದು.